ಏಸಿಯ ಅರವಟ್ಟಿಗೆ

ಕಚೇರಿಯೊಂದರ ಹೊರಗೋಡೆಯಲ್ಲಿ ಏಸಿ ಯಂತ್ರವಿತ್ತು. ಅದರ ಎದುರಿನ ಕಿಟಕಿಯ ಸಜ್ಜಾದ ಮೇಲೆ ಬೆಳವಕ್ಕಿಯೊಂದು ತನ್ನೆರಡು ಮೊಟ್ಟೆಗಳಿಗೆ ಕಾವು ಕೊಡುತ್ತಿತ್ತು. ಯಂತ್ರದ ಬಿಸಿಗಾಳಿ ನೇರವಾಗಿ ಗೂಡಿಗೇ ಬಡಿಯುತ್ತಿತ್ತು.

“ಅಣ್ಣಾ, ಕೊಂಚ ನಿಲ್ಲಿಸು. ಮರಿಗಳು ಹೊರಬರಲು ಇನ್ನು ಮೂರೇ ದಿನ,” ಎಂದಿತು ಬೆಳವಕ್ಕಿ.

“ಅಪವಾದ ಹೊರಿಸಬೇಡ ತಂಗಿ. ನಾನು ತಂಪು ಮಾಡುವವನು. ಬೇಕಾದರೆ ಒಳಗಿನವರನ್ನು ಕೇಳು,” ಎಂದಿತು ಯಂತ್ರ.

“ಒಳಗಿನ ಸೆಕೆಯನ್ನು ಎಲ್ಲಿ ಹಾಕುತ್ತೀಯೆ?”

“ಹೊರಗೆ. ಅಲ್ಲಿ ಯಾರೂ ಇಲ್ಲವಲ್ಲ! ಅದಿರಲಿ, ನನ್ನ ಕೊಳವೆಯಿಂದ ತೊಟ್ಟಿಕ್ಕುವ ನೀರನ್ನು ನೋಡು. ನಿನ್ನಂಥವರಿಗೆಂದೇ ಇಟ್ಟ ಅರವಟ್ಟಿಗೆ ಅದು. ಬಿಸಿಲು ಏರಿದಷ್ಟೂ ನನ್ನ ಧರ್ಮಕಾರ್ಯ ಹೆಚ್ಚುತ್ತದೆ.”

ಬಿಸಿಲು ಏರಿತು. ಬೀದಿಯ ಯಂತ್ರಗಳೆಲ್ಲ ಒಳಗಿನ ಸೆಕೆಯನ್ನು ಹೊರಕ್ಕೆ ಉಗುಳಿದವು. ಹೊರಗೆ ಕಾದಷ್ಟೂ ಇನ್ನಷ್ಟು ಉಗುಳಿದವು. ಅವುಗಳನ್ನು ಓಡಿಸಲು ದೂರದಲ್ಲೆಲ್ಲೋ ಇನ್ನಷ್ಟು ಕಲ್ಲಿದ್ದಲು ಉರಿಯಿತು. ಮೂರು ದಿನವಲ್ಲ, ಆರು ದಿನ ಕಳೆದರೂ ಮೊಟ್ಟೆಗಳು ಒಡೆಯಲಿಲ್ಲ. ಬೆಳವಕ್ಕಿ ಗೂಡು ಬಿಟ್ಟು ಎದ್ದಿತು.

“ಏಕೆ ತಂಗಿ, ಕುಡಿಯಲು ಬರಲೇ ಇಲ್ಲ? ಇಂದು ನೀರು ಧಾರಾಳವಾಗಿದೆ,” ಎಂದು ಯಂತ್ರ ಕರೆಯಿತು.

“ಮೊಟ್ಟೆ ಬೇಯಿಸಲು ನೀರಾದರೂ ಬೇಕು ಎಂದುಕೊಂಡಿದ್ದೆ ಅಣ್ಣಾ,” ಎಂದಿತು ಬೆಳವಕ್ಕಿ. “ನಿನಗೆ ಅದೂ ಬೇಕಾಗಲಿಲ್ಲ.”