ಮೇಲಿನ ಸಾಲಿನ ತಟ್ಟೆ

"ಬುದ್ಧಿ, ಮನೆಗೆ ಬೆಂಕಿ ಬಿದ್ದಿದೆ ಎಂದು ಕೂಗಿದರೂ ಜನ ಮಗ್ಗುಲು ಬದಲಿಸಿ ಮಲಗುತ್ತಾರೆ. ಇವರಿಗೆ ಹೇಗೆ ತಿಳಿಹೇಳಲಿ?"

ಹೀಗೆ ಕೇಳಿದವನು ಮಹಾಲಿಂಗ, ಮಠದಲ್ಲಿ ಓದಿ ಬೆಳೆದ ಶಿಷ್ಯ. ಈಗ ಊರೂರು ಸುತ್ತುತ್ತಿದ್ದ. ಭೂಮಿ ಬಿಸಿಯಾಗುತ್ತಿದೆ, ಮಳೆ ಕಾಲ ತಪ್ಪುತ್ತಿದೆ, ಇದನ್ನು ಮಾಡಿದವನು ದೇವರಲ್ಲ, ಕಲ್ಲಿದ್ದಲು ಸುಟ್ಟು, ಎಣ್ಣೆ ಸುಟ್ಟು, ಕಾಡು ಕಡಿದ ನಾವೇ ಎಂದು ಹೇಳಿಬರುವುದು ಅವನ ಕೆಲಸ. ಕೆಲಸ ಒಳ್ಳೆಯದೇ. ಆದರೆ ಅವತ್ತು ಮುಖ ಗಂಟು ಹಾಕಿಕೊಂಡು ಬಂದಿದ್ದ.

ಗುರುಗಳು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಏನಾಯಿತಪ್ಪ?" ಎಂದರು.

"ಮೊನ್ನೆ ಸಂತೆ ಮೈದಾನದಲ್ಲಿ ಸಭೆ ಇಟ್ಟಿದ್ದೆ. ವೇದಿಕೆಗೆ ಶಾಮಿಯಾನ ಹಾಕಿಸಿದ್ದೆ, ಫ್ಯಾನು ಇಡಿಸಿದ್ದೆ, ಪಟ್ಟಣದಿಂದ ಒಳ್ಳೆಯ ಮೈಕು ತರಿಸಿದ್ದೆ. ಗಂಟಲು ಹರಿಯುವಂತೆ ಹೇಳಿದೆ. ಮಧ್ಯಾಹ್ನ ಆಗುವುದರೊಳಗೆ ಅರ್ಧ ಜನ ಎದ್ದು ಹೋಗಿ ಹುಣಸೆಮರದ ಕೆಳಗೆ ಹರಟೆ ಹೊಡೆಯುತ್ತ ನಿಂತರು. ಉಳಿದವರಲ್ಲಿ ಒಬ್ಬ, 'ಹಿಂದೆಯೂ ಇಂಥ ಬಿಸಿಲು ಬಂದಿತ್ತು, ಹೋಯಿತು. ಇದೂ ಹೋಗುತ್ತೆ ಬಿಡಿ ಸ್ವಾಮಿ' ಎಂದ. ಇನ್ನೊಬ್ಬ, 'ನನ್ನದು ಒಂದು ಒಲೆ, ಒಂದು ಬೈಕು. ಅಷ್ಟಕ್ಕೆ ಆಕಾಶ ಬಿಸಿಯಾಗುತ್ತಾ?' ಎಂದು ನಕ್ಕ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಬುದ್ಧಿ."

ಗುರುಗಳಿಗೆ ಆ ಕೊನೆಯ ಮಾತು ರುಚಿಸಲಿಲ್ಲ. "ಕೋಣನನ್ನು ಯಾಕಪ್ಪ ಬೈಯುತ್ತೀ, ಅದು ನಿನಗೇನು ಮಾಡಿತು? ಕೂತುಕೋ. ಸುಮ್ಮನೆ ಕೂರಬೇಡ, ಕಾಯಿ ಸುಲಿ" ಎಂದು ಮೊರವನ್ನು ಅವನ ಕಡೆ ತಳ್ಳಿದರು. ಆಮೇಲೆ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ರೇಷ್ಮೆ ಹುಳು ಸಾಕುವ ಒಬ್ಬ ರೈತನಿದ್ದ. ಅವನಿಗೆ ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಹುಳು ಸಾಕುವುದಕ್ಕೆಂದೇ ಉದ್ದನೆಯದೊಂದು ಮನೆ ಕಟ್ಟಿಸಿದ್ದ. ಅದನ್ನು ಹುಳುಮನೆ ಎನ್ನುತ್ತಾರೆ. ಒಳಗೆ ಗೋಡೆಯುದ್ದಕ್ಕೂ ಅಟ್ಟಣೆ, ಅಟ್ಟಣೆಯ ಮೇಲೆ ಒಂದರ ಮೇಲೊಂದು ಸಾಲಾಗಿ ಬಿದಿರಿನ ತಟ್ಟೆ, ತಟ್ಟೆಯ ತುಂಬ ಹುಳು. ಮುದುಕನದು ಒಂದು ಪದ್ಧತಿ. ದಿನವೂ ಬೆಳಗ್ಗೆ ಸೊಪ್ಪು ಹಾಕುವ ಮೊದಲು ಮೇಲಿನ ತಟ್ಟೆಯನ್ನು ಕೆಳಗಿಳಿಸುವನು, ಕೆಳಗಿನದನ್ನು ಮೇಲಕ್ಕೇರಿಸುವನು. "ಯಾಕಪ್ಪಾ ದಿನಾ ಈ ಒದ್ದಾಟ?" ಎಂದು ಮಕ್ಕಳು ಕೇಳಿದರೆ, "ಒಂದೇ ಸೂರಿನಲ್ಲಿ ಇದ್ದಮೇಲೆ ಎಲ್ಲ ಹುಳುವೂ ಎಲ್ಲ ಜಾಗದ ಗಾಳಿ ಕುಡೀಲಿ ಬಿಡ್ರೋ" ಎನ್ನುವನು.

ಮುದುಕ ಸತ್ತ. ಮಕ್ಕಳು ಪಾಲಾದರು. ಹೊಲ ಹಂಚಿಕೊಂಡರು, ಹಿಪ್ಪುನೇರಳೆ ತೋಟ ಹಂಚಿಕೊಂಡರು. ಹುಳುಮನೆಯನ್ನು ಹಂಚುವುದು ಹೇಗೆ? ನಡುವೆ ಗೋಡೆ ಎಬ್ಬಿಸಿದರೆ ಗಾಳಿ ಆಡುವುದಿಲ್ಲ. ಆದ್ದರಿಂದ ಸೂರನ್ನು ಹಾಗೇ ಬಿಟ್ಟು ಜಾಗ ಮಾತ್ರ ಹಂಚಿಕೊಂಡರು. ಬಾಗಿಲ ಕಡೆಯದು ಹಿರಿಯನಿಗೆ, ನಡುವಿನದು ಎರಡನೆಯವನಿಗೆ, ಆ ತುದಿಯದು ಕಿರಿಯನಿಗೆ. ತಂಗಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಸೂರಿಗೆ ತಾಗಿಕೊಂಡಿದ್ದ ಮೇಲಿನ ಸಾಲು ಅವಳ ಪಾಲಿಗೆ ಬಂತು. ದಿನವೂ ಸೊಪ್ಪು ಹೊತ್ತುಕೊಂಡು ಏಣಿ ಹತ್ತಬೇಕು. ಆದರೂ ಅವಳು ಖುಷಿಯಿಂದಲೇ ಒಪ್ಪಿಕೊಂಡಳು. ಹಿತ್ತಲ ಕೋಣೆಯಲ್ಲಿ ತನ್ನದೇ ಒಲೆ ಹೂಡಿದಳು. "ನನ್ನ ಹುಳ ಗೂಡು ಕಟ್ಟೋವರೆಗೆ ನಾನು ಯಾರ ಹಂಗಿಗೂ ಬೀಳೋಳಲ್ಲ ಅಣ್ಣಾ" ಎನ್ನುತ್ತಿದ್ದಳು. ಹಿರಿಯಣ್ಣ ಅವಳನ್ನು ಎತ್ತಿ ಆಡಿಸಿ ಬೆಳೆಸಿದವನು. ಆ ಮಾತು ಕೇಳಿದರೆ ಅವನಿಗೆ ಹೆಮ್ಮೆಯಾಗುತ್ತಿತ್ತು.

ಜಾಗ ಪಾಲಾದ ಮೇಲೆ ತಟ್ಟೆ ತಿರುಗಿಸುವ ಪದ್ಧತಿ ನಿಂತುಹೋಯಿತು. ಅವರವರ ತಟ್ಟೆ ಅವರವರ ಜಾಗದಲ್ಲಿ ಉಳಿಯಿತು.

ಒಂದು ವರ್ಷ ಮೈ ಕೊರೆಯುವ ಚಳಿ ಬಂತು. ಹುಳುಗಳು ಮುದುರಿಕೊಂಡು ಕೂತವು. ಹಿರಿಯನಿಗೆ ನೋಡಲಾಗಲಿಲ್ಲ. ಒಂದು ಅಗ್ಗಿಷ್ಟಿಕೆಗೆ ಇದ್ದಿಲ ಕೆಂಡ ತುಂಬಿ ತನ್ನ ತಟ್ಟೆಗಳ ಹತ್ತಿರ ಇಟ್ಟ. ಅದರಲ್ಲಿ ತಪ್ಪೇನು ಹೇಳು? ಹುಳುಗಳು ಚುರುಕಾದವು, ಚರಚರ ಸೊಪ್ಪು ತಿಂದವು, ಊರಿಗೇ ಮೊದಲು ಗೂಡು ಕಟ್ಟಿದವು. ಎರಡನೆಯವನು ನೋಡಿದ. "ನನ್ನ ಹುಳ ಏನು ಮಲತಾಯಿ ಮಕ್ಕಳಾ?" ಎಂದು ತಾನೂ ಒಂದು ಅಗ್ಗಿಷ್ಟಿಕೆ ತಂದಿಟ್ಟ. ಕಿರಿಯ ಬಿಡುತ್ತಾನೆಯೇ? ಅವನು ಇನ್ನೂ ದೊಡ್ಡದನ್ನು ತಂದ. ಬಿಸಿ ಸೋರಿಹೋಗಬಾರದೆಂದು ಮೂವರೂ ಸೇರಿ ಕಿಟಕಿಗಳಿಗೆ ಗೋಣಿತಾಟು ಕಟ್ಟಿದರು. ತಂಗಿ ಮಾತ್ರ ಏನೂ ಇಡಲಿಲ್ಲ. ಮೇಲಿನ ಸಾಲಿನಲ್ಲಿ ಕೆಂಡ ಇಡುವುದಾದರೂ ಎಲ್ಲಿ?

ಚಳಿ ಹೋಯಿತು. ಕೆಂಡ ಹೋಗಲಿಲ್ಲ. ಬೆಳೆ ಬೇಗ ಕೈಗೆ ಬರುವ ರುಚಿ ಹತ್ತಿದ ಮೇಲೆ ಆರಿಸಲು ಯಾರಿಗೆ ಮನಸ್ಸು ಬಂದೀತು? ಬೆಳೆಯಿಂದ ಬೆಳೆಗೆ ಒಂದೊಂದು ಹಿಡಿ ಇದ್ದಿಲು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಒಂದು ಸಂಜೆ ತಂಗಿ ಹಿರಿಯಣ್ಣನ ಬಳಿಗೆ ಬಂದಳು.

"ಅಣ್ಣಾ, ನನ್ನ ಹುಳ ಸೊಪ್ಪು ಮುಟ್ತಾ ಇಲ್ಲ. ತಲೆ ಎತ್ತಿಕೊಂಡು ಸುಮ್ಮನೆ ಕೂತಿವೆ."

ಇಲ್ಲಿ ಒಂದು ಸಂಗತಿ ನಿನಗೆ ತಿಳಿದಿರಬೇಕು. ರೇಷ್ಮೆ ಹುಳು ಬೆಳೆಯುತ್ತ ಬೆಳೆಯುತ್ತ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮೊದಲು ಮೇವು ಮುಟ್ಟುವುದಿಲ್ಲ, ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಸಾಕುವವರು ಅದನ್ನು ಜ್ವರ ಎನ್ನುತ್ತಾರೆ. ಹೆಸರು ಜ್ವರವೇ ಹೊರತು ಅದು ಕಾಯಿಲೆಯಲ್ಲ. ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ಗಾಳಿ ಬಡಿಯಗೊಡಬಾರದು ಎಂಬುದು ಆ ಮನೆಯ ರೂಢಿ.

ಹಿರಿಯ ನಿಂತಲ್ಲಿಂದಲೇ ಕತ್ತೆತ್ತಿ ನೋಡಿದ. "ಜ್ವರಕ್ಕೆ ಕೂತಿವೆ ಕಣಮ್ಮ. ನಮ್ಮಪ್ಪನ ಕಾಲದಿಂದ ನೋಡಿಲ್ವಾ? ತಾನಾಗಿ ಏಳ್ತವೆ ಬಿಡು."

"ಮೂರನೇ ಜ್ವರ ಮೊನ್ನೆ ತಾನೇ ಎದ್ದಿದ್ವಲ್ಲಣ್ಣ. ಇಷ್ಟು ಬೇಗ ಮತ್ತೆ ಹೇಗೆ?"

"ಒಂದೊಂದು ಸಲ ಒಂದೊಂದು ಥರ. ಹೆದರಬೇಡ, ಹೋಗಿ ಮಲಕ್ಕೋ" ಎಂದ ಹಿರಿಯ.

ಅವನು ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಹಾಗೇ ನಂಬಿದ್ದ. ತಂಗಿಯ ಹುಳುವಿಗೆ ಗಾಳಿ ತಾಗದಿರಲಿ ಎಂದು ಕಿಟಕಿಯ ಗೋಣಿಯನ್ನು ಇನ್ನಷ್ಟು ಬಿಗಿದು ಕಟ್ಟಿದ. ಪಾಪ, ಪ್ರೀತಿಯಿಂದಲೇ ಕಟ್ಟಿದ.

ಬೆಳಗಾಗುವಷ್ಟರಲ್ಲಿ ಮೇಲಿನ ಸಾಲಿನ ಹುಳುಗಳು ಮೈ ಮೆತ್ತಗಾಗಿ ತಟ್ಟೆಯ ಅಂಚಿಗೆ ಜೋತಾಡುತ್ತಿದ್ದವು. ಕೆಟ್ಟ ವಾಸನೆ ಬರುತ್ತಿತ್ತು. ಎರಡನೆಯವನು, "ಯಾರದೋ ಕಣ್ಣು ಬಿದ್ದಿದೆ" ಎಂದ. ಕಿರಿಯ, "ಒದ್ದೆ ಸೊಪ್ಪು ಹಾಕಿರಬೇಕು" ಎಂದ. ತಂಗಿ ಸತ್ತ ಹುಳುಗಳನ್ನು ಮೊರಕ್ಕೆ ಬಳಿದುಕೊಂಡು ಗುಂಡಿಗೆ ಹಾಕಿ ಮಣ್ಣು ಮುಚ್ಚಿ ಬಂದಳು. ಎರಡು ತಟ್ಟೆಯಲ್ಲಿ ಮಾತ್ರ ಇನ್ನೂ ಜೀವ ಆಡುತ್ತಿತ್ತು. ಕೈ ತೊಳೆದುಕೊಂಡು ಹಿರಿಯಣ್ಣನ ಮುಂದೆ ನಿಂತಳು.

"ಅಣ್ಣಾ, ನಾಳೆಯಿಂದ ಅತ್ತಿಗೆಗೆ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕೋಕೆ ಹೇಳು."

ಈ ಒಂದು ಮಾತು ಆಡುವ ಕಾಲ ಬರಬಾರದೆಂದೇ ಅವಳು ಅಷ್ಟು ವರ್ಷ ಏಣಿ ಹತ್ತಿ ಇಳಿದಿದ್ದಳು. ಹಿರಿಯ, "ತಡಿ, ಉಳಿದ ಎರಡು ತಟ್ಟೆ ನೋಡ್ತೀನಿ" ಎಂದು ಏಣಿ ಹತ್ತಿದ.

ಪಾಲಾದ ಮೇಲೆ ಅವನು ಆ ಏಣಿ ಹತ್ತಿದ್ದು ಅದೇ ಮೊದಲು. ಅರ್ಧ ಹತ್ತುವವರೆಗೆ ಹಿತವಾಗಿಯೇ ಇತ್ತು. ತಲೆ ಸೂರಿನಡಿಗೆ ಹೋದದ್ದೇ, ಕಾದ ಬಾಣಲೆಯ ಮೇಲೆ ಬಗ್ಗಿದ ಹಾಗೆ ಮುಖಕ್ಕೆ ಝಳ ಹೊಡೆಯಿತು. ಕಣ್ಣು ಉರಿಯಿತು. ಬೆಳಗ್ಗೆ ತಂಗಿ ಹಾಕಿದ್ದ ಸೊಪ್ಪು ಆಗಲೇ ಒಣಗಿ ಗರಿಗರಿಯಾಗಿತ್ತು. ಹಿರಿಯ ಕೆಳಗೆ ನೋಡಿದ. ನೆಲದ ಮೇಲೆ ನಿಂತಾಗ ಅವನ ಕಣ್ಣಿಗೆ ತನ್ನ ಅಗ್ಗಿಷ್ಟಿಕೆಯೊಂದೇ ಬೀಳುತ್ತಿತ್ತು. ಮೇಲಿನಿಂದ ಮೂರೂ ಕಂಡವು. ಮೂರರ ಬಿಸಿಯೂ ಬಂದು ಸೇರುವುದು ಈ ಸಾಲಿಗೇ ಎಂಬುದು ಅವನ ಮೈಗೇ ತಿಳಿಯಿತು.

"ಅಯ್ಯೋ ತಾಯಿ, ಇದು ಜ್ವರ ಅಲ್ಲ ಕಣೇ. ನಾವು ಮಾಡಿದ್ದು" ಎಂದ.

ಇಳಿದವನೇ ತನ್ನ ಅಗ್ಗಿಷ್ಟಿಕೆಯನ್ನು ಎತ್ತಿಕೊಂಡು ಹೋಗಿ ಹೊರಗೆ ಸುರಿದು ನೀರು ಹಾಕಿದ. ತಮ್ಮಂದಿರನ್ನು ಕರೆದು, "ನೀವೂ ತೆಗೀರಪ್ಪ" ಎಂದ.

"ನನ್ನದು ಎಷ್ಟು ಮಹಾ? ಒಂದು ಹಿಡಿ ಕೆಂಡ" ಎಂದ ಎರಡನೆಯವನು.

ಕಿರಿಯ ಇನ್ನೂ ಖಾರವಾಗಿ ಮಾತಾಡಿದ. "ಮೊದಲು ಹಚ್ಚಿದವನು ನೀನು. ಅಷ್ಟು ಬೆಳೆ ತಗೊಂಡು ಗಟ್ಟಿಯಾದ ಮೇಲೆ ಈಗ ನಮಗೆ ಆರಿಸು ಅಂತೀಯಾ?"

ತಮ್ಮ ಹೇಳಿದ್ದು ನಿಜ. ಹಿರಿಯ ಮತ್ತೆ ಏಣಿ ಹತ್ತಿ ನೋಡಿದ. ಒಂದು ಅಗ್ಗಿಷ್ಟಿಕೆ ಹೊರಗೆ ಹೋಗಿತ್ತು, ಆದರೂ ಝಳ ಇಳಿದಿರಲಿಲ್ಲ. ಬಂದು ಬೈದ, ಗೋಗರೆದ, ಅಪ್ಪನ ಹೆಸರು ಹೇಳಿ ಆಣೆ ಇಟ್ಟ. ತಮ್ಮಂದಿರು ತಲೆ ಕೆರೆದುಕೊಂಡು ಸೊಪ್ಪು ಕೊಯ್ಯಲು ಹೋದರು. ಅವರೇನು ತಂಗಿಯನ್ನು ಪ್ರೀತಿಸದವರಲ್ಲ. ಅವರ ಕಾಲಿಗೆ ಮನೆ ತಂಪಾಗಿತ್ತು, ಅಷ್ಟೇ.

ಅಪ್ಪನ ಹೆಸರು ಬಾಯಿಗೆ ಬಂದಾಗ ಅಪ್ಪನ ಪದ್ಧತಿಯೂ ಹಿರಿಯನ ನೆನಪಿಗೆ ಬಂದಿತ್ತು. ತಂಗಿಯ ಎರಡು ತಟ್ಟೆಗಳನ್ನು ಇಳಿಸಿ ತನ್ನ ಜಾಗದಲ್ಲಿ ಇಟ್ಟ. ತನ್ನ ತಟ್ಟೆಗಳಲ್ಲಿ ದುಂಡು ದುಂಡು ಹುಳುಗಳಿದ್ದ, ಎಲ್ಲಕ್ಕಿಂತ ಒಳ್ಳೆಯ ಎರಡನ್ನು ಆರಿಸಿ ಮೇಲಿನ ಸಾಲಿಗೆ ಏರಿಸಿದ. "ನಿಮಗೇನು ಹುಚ್ಚು ಹಿಡಿದಿದೆಯೇ? ಗೊತ್ತಿದ್ದೂ ಗೊತ್ತಿದ್ದೂ ಕೊಲ್ತೀರಲ್ಲ!" ಎಂದು ಹೆಂಡತಿ ಬಾಯಿ ಬಡಿದುಕೊಂಡಳು.

"ತಂಗಿ ಹುಳ ಇರಬಹುದಾದ ಜಾಗ ಅಂದಮೇಲೆ ನನ್ನದೂ ಇರಲಿ" ಎಂದು ಏಣಿಯ ಬುಡದಲ್ಲಿ ಕೂತುಬಿಟ್ಟ.

ಸಂಜೆ ತಮ್ಮಂದಿರು ಬಂದು ನೋಡುತ್ತಾರೆ, ಅಣ್ಣನ ಹುಳುಗಳು ತಲೆ ಎತ್ತಿ ಕೂತಿವೆ, ಸೊಪ್ಪು ಮುಟ್ಟಿಲ್ಲ. ಕಿರಿಯನಿಗೆ ತಡೆಯಲಾಗಲಿಲ್ಲ. "ಏನಣ್ಣಾ ನಿನ್ನ ಹಟ! ಚಿನ್ನದಂಥ ಹುಳ ಸಾಯಿಸ್ತೀಯಲ್ಲ!" ಎಂದು ಆ ತಟ್ಟೆಗಳನ್ನು ಇಳಿಸಲು ತಾನೇ ಏಣಿ ಹತ್ತಿದ. ಅವನ ತಲೆ ಸೂರಿನಡಿಗೆ ಹೋಯಿತು. ಅದೇ ಝಳ ಅವನ ಮುಖಕ್ಕೂ ಹೊಡೆಯಿತು. ತಟ್ಟೆ ಇಳಿಸಿಕೊ‍ಟ್ಟು ತಾನೂ ಇಳಿದ. ಯಾರ ಮುಖವನ್ನೂ ನೋಡದೆ ತನ್ನ ಅಗ್ಗಿಷ್ಟಿಕೆಯನ್ನು ಎತ್ತಿಕೊಂಡು ಹೊರಗೆ ಹೋದ. ಎರಡನೆಯವನು ಗೊಣಗುತ್ತ ಏಣಿ ಹತ್ತಿದ. ಇಳಿದವನೇ ತನ್ನ ಅಗ್ಗಿಷ್ಟಿಕೆಯನ್ನೂ ಹೊರಗೆ ಒಯ್ದ.

ಕಿಟಕಿಗಳ ಗೋಣಿ ಬಿಚ್ಚಿದರು. ಮನೆಯೊಳಗೆ ಗಾಳಿ ಆಡಿತು.

ಎಲ್ಲ ಸರಿಹೋಯಿತು ಅಂದುಕೊಳ್ಳಬೇಡ. ಸತ್ತ ಹುಳು ಸತ್ತವೇ, ಅವನ್ನು ಯಾವ ಗಾಳಿಯೂ ಎಬ್ಬಿಸಲಿಲ್ಲ. ಹಿರಿಯ ಮೇಲಕ್ಕೆ ಏರಿಸಿದ್ದ ಎರಡು ತಟ್ಟೆಯೂ ಮುಕ್ಕಾಲು ಪಾಲು ಹೋದವು. ಅವನ ಹೆಂಡತಿ ವಾರಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ತಂಗಿಯ ಎರಡು ತಟ್ಟೆ ಚೇತರಿಸಿಕೊಂಡು ಗೂಡು ಕಟ್ಟಿದವು. ಅಣ್ಣಂದಿರು ಮೂವರೂ ತಮ್ಮ ತಮ್ಮ ಗೂಡಿನಲ್ಲಿ ಒಂದಷ್ಟನ್ನು ಅವಳ ಬುಟ್ಟಿಗೆ ಸುರಿಯಲು ಬಂದರು. ಅವಳು ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು. "ದಾನ ತಗೊಳ್ಳೋ ಹಾಗಿದ್ರೆ ನಾನು ಏಣಿ ಯಾಕೆ ಹತ್ತಬೇಕಿತ್ತು?" ಎಂದಳು.

"ದಾನ ಅಲ್ಲ ಕಣಮ್ಮ. ಸುಟ್ಟಿದ್ದು ನಾವು, ತುಂಬಿಕೊಡೋರೂ ನಾವೇ" ಎಂದ ಹಿರಿಯ. ಆಗ ಬುಟ್ಟಿ ಮುಂದೆ ಬಂತು.

ಮನೆಯಲ್ಲಿ ಮೂರು ಬೆಂಕಿ ಆರಿದವು. ಅವಳ ಒಲೆ ಆರಲಿಲ್ಲ. ಮಾರನೆಯ ಬೆಳೆಯಿಂದ ದಿನವೂ ಬೆಳಗ್ಗೆ ಆ ಮನೆಯಲ್ಲಿ ಮತ್ತೆ ತಟ್ಟೆ ತಿರುಗಿಸತೊಡಗಿದರು.

ಗುರುಗಳು ಇಷ್ಟು ಹೇಳಿ, ಮೊರದಲ್ಲಿದ್ದ ಸಿಪ್ಪೆಯನ್ನು ಒಂದು ಕಡೆಗೆ ಸರಿಸಿದರು.

ಮಹಾಲಿಂಗ ನಿಟ್ಟುಸಿರು ಬಿಟ್ಟ. "ಆ ಅಣ್ಣ ದೊಡ್ಡವನು ಬುದ್ಧಿ, ಏಣಿ ಹತ್ತಿದ. ನಮ್ಮ ಜನ ಹತ್ತಬೇಕಲ್ಲ!"

ಗುರುಗಳು ತಲೆ ಎತ್ತಿ ಅವನನ್ನು ನೋಡಿದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಮೊನ್ನೆ ಸಂತೆ ಮೈದಾನದಲ್ಲಿ ಶಾಮಿಯಾನ ಯಾರ ತಲೆಯ ಮೇಲಿತ್ತು, ಮಗು?"

"ನನ್ನ ತಲೆಯ ಮೇಲೆ ಬುದ್ಧಿ, ಜನ ಬಿಸಿಲಿನಲ್ಲಿದ್ದರು" ಎಂದು ಮಹಾಲಿಂಗ ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡ.