ಗೌಡರ ಬೈಕು ಗುಡ್ಡ ಹತ್ತಿದ್ದು

ಗುಡ್ಡದ ತಿರುವಿನಲ್ಲಿ ದಾವಲಸಾಬ ತಗಡಿನ ಶೆಡ್ಡು ಹಾಕಿಕೊಂಡು ಬೈಕು ರಿಪೇರಿ ಮಾಡುತ್ತಿದ್ದ. ಒಂದು ಬೆಳಿಗ್ಗೆ ಪಂಚಾಯ್ತಿ ಅಧ್ಯಕ್ಷ ಚನ್ನಬಸನಗೌಡರು ತಮ್ಮ ಹಳೆಯ ಬೈಕು ತಂದು ನಿಲ್ಲಿಸಿದರು. ಹಿಂದಿನ ದಿನ ಹಾಲಿನ ಕ್ಯಾನು ಹೇರಿದ ಮೊಪೆಡ್ಡೊಂದು ಏರಿನಲ್ಲಿ ಅವರನ್ನು ಹಿಂದೆ ಹಾಕಿತ್ತಂತೆ.

"ಎರಡು ಸಾವಿರ ಕೊಡ್ತೀನಿ. ಇಂಜಿನ್ನಿಗೆ ಏನರೆ ಹಾಕು, ಸಂಜೀಕ ಗಾಡಿ ಹಾರಬೇಕು. ಇಲ್ಲಾಂದ್ರ ಈ ಶೆಡ್ಡು ಕೀಳಸ್ತೀನಿ."

ದಾವಲಸಾಬ ಲೆಕ್ಕ ಹಾಕಿದ. ಆ ದುಡ್ಡಿನಲ್ಲಿ ಇಂಜಿನ್ ಬಿಚ್ಚುವ ಮಾತೇ ಇಲ್ಲ. ಕಾರ್ಬುರೇಟರ್ ತೊಳೆದ, ಹೊಸ ಏರ್ ಫಿಲ್ಟರು, ಚೈನು ಹಾಕಿದ. ಆಮೇಲೆ ಸ್ಪ್ಯಾನರ್ ಹಿಡಿದು ಬಿಚ್ಚತೊಡಗಿದ.

ಸಂಜೆ ಬಂದ ಗೌಡರು ಬಾಯಿ ತೆರೆದು ನಿಂತರು. "ಇದು ಯಾರ ಗಾಡಿಯೋ?"

ಗಾಡಿಯಿಂದ ಬಿಚ್ಚಿದ ಕಬ್ಬಿಣದ ಗಾರ್ಡು, ಪೆಟ್ಟಿಗೆಗಳು, ಸ್ಪೀಕರು, ಅವರ ಹೆಸರು ಹುದ್ದೆ ಬರೆಸಿದ ದಪ್ಪ ತಗಡಿನ ಬೋರ್ಡು ಮೂಲೆಯಲ್ಲಿ ರಾಶಿ ಬಿದ್ದಿದ್ದವು.

"ಮೊದಲ ಗುಡ್ಡ ಹತ್ತಿ ಬರ್ರಿ, ಆಮ್ಯಾಲೆ ಬೈರಿ," ಎಂದ ದಾವಲಸಾಬ.

ಹೋಗಿ ಬಂದ ಗೌಡರ ತಲೆಯ ಟೊಪ್ಪಿಗೆ ಎಲ್ಲೋ ಹಾರಿಹೋಗಿತ್ತು. "ಮ್ಯಾಲೆ ಮುಟ್ಟಿದ್ದ ಗೊತ್ತಾಗಲಿಲ್ಲ. ಒಳಗ ಏನು ಹಾಕೀದಿ?"

"ಹಾಕಿದ್ದು ಕಡಿಮಿ ರೀ. ತೆಗೆದದ್ದ ಹೆಚ್ಚು."

ಗೌಡರು ಬೋರ್ಡಿನತ್ತ ನೋಡಿದರು. "ಅದಿಲ್ಲದ ನಾ ಯಾರಂತ ಮಂದಿಗೆ ಹೆಂಗ ತಿಳೀಬೇಕು?"

"ಆ ವೇಗದಾಗ ಯಾರು ಓದ್ತಾರ್ರಿ? ನಮ್ಮ ಶೆಡ್ಡಿಗೆ ಹೊಡಿಯೋಣು. ಇಲ್ಲೆ ನಿಂತು ಓದ್ತಾರ."

ಗೌಡರ ಮುಖ ಅರಳಿತು. ತಾವೇ ಸುತ್ತಿಗೆ ಇಸಿದುಕೊಂಡು ಬಾಗಿಲ ಮೇಲೆ ಮೊಳೆ ಹೊಡೆದರು. ಗೌಡರ ಹೆಸರು ಹೊತ್ತ ಆ ಶೆಡ್ಡನ್ನು ಕೀಳುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ, ಗೌಡರಿಗೂ ಬರಲಿಲ್ಲ.