ಲೋಹವಿಲ್ಲದೆ ಕೂಡಿದ ಬೋರಾನ್

“ಗುರುಗಳೇ, ತಪ್ಪು ಮಾಡಿದವರು ಆ ತಪ್ಪಿಗೆ ಮನಸಾರೆ ನಾಚಿಕೊಂಡರೆ ಸಾಲದೆ? ಅದಕ್ಕಿಂತ ಮೇಲಾದ ಪ್ರಾಯಶ್ಚಿತ್ತ ಬೇರೆ ಉಂಟೆ?” ಎಂದು ಶಿಷ್ಯೆ ಕೇಳಿದಳು.

ಅವಳು ಒಬ್ಬರಿಗೆ ಅನ್ಯಾಯ ಮಾಡಿದ್ದಳು. ಯಾರಿಗೆ, ಏನು ಎಂಬುದನ್ನು ಹೇಳಲಿಲ್ಲ. ನಾಚಿಕೆಯಿಂದ ತನಗೆ ಊಟ ಸೇರುತ್ತಿಲ್ಲ, ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಕನ್ನಡಿ ನೋಡಲು ಆಗುತ್ತಿಲ್ಲ ಎಂಬುದನ್ನು ವಿವರವಾಗಿ ಹೇಳಿದಳು.

ಗುರುಗಳು ಆಶ್ರಮಕ್ಕೆ ಬರುವ ಮೊದಲು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ಅವರು ಒಂದು ಕತೆ ಹೇಳಿದರು.

ಒಬ್ಬ ಮಹಿಳಾ ವಿಜ್ಞಾನಿ ಇದ್ದರು. ಶಿಸ್ತಿಗೆ ಹೆಸರಾದವರು. ಅವರ ಪ್ರಯೋಗಾಲಯದಲ್ಲಿ ಪಾತ್ರೆ ತೊಳೆಯುವುದಕ್ಕೂ ಒಂದು ಕ್ರಮವಿತ್ತು. ಒಬ್ಬರ ಸಾಮಾನನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಹೊಸದಾಗಿ ಸೇರಿದವರಿಗೆ ಎಲ್ಲವನ್ನೂ ಹೊಸದಾಗಿಯೇ ಕೊಡುತ್ತಿದ್ದರು. ಗಾಜು ಹೊಸದು, ಚಮಚ ಹೊಸದು, ದ್ರಾವಣವನ್ನು ಕಲಕುವ ಕಡ್ಡಿಯೂ ಹೊಸದು. ಈ ಕಡ್ಡಿ ಕಿರುಬೆರಳಿಗಿಂತ ಚಿಕ್ಕದು. ಒಳಗೆ ಅಯಸ್ಕಾಂತ, ಹೊರಗೆ ಬಿಳಿಯ ಟೆಫ್ಲಾನ್ ಲೇಪ. ಯಂತ್ರದ ಮೇಲೆ ಪಾತ್ರೆಯನ್ನು ಇಟ್ಟರೆ ಕಡ್ಡಿ ಅದರ ತಳದಲ್ಲಿ ತಾನಾಗಿ ತಿರುಗುತ್ತದೆ. ವಿಜ್ಞಾನಿಯ ಕಡ್ಡಿ ಮಾತ್ರ ಹಳೆಯದು. ಅವರು ವಿದ್ಯಾರ್ಥಿನಿಯಾಗಿದ್ದ ಕಾಲದಿಂದ ಅದನ್ನೇ ಬಳಸುತ್ತಿದ್ದರು. ಪ್ರತಿ ಸಲವೂ ತಾವೇ ತೊಳೆಯುತ್ತಿದ್ದರು.

ಅವರ ವಿಷಯ ಬೋರಾನ್. ಬೋರಾನ್ ಕೊರತೆಯ ಧಾತು. ಎಲೆಕ್ಟ್ರಾನುಗಳನ್ನು ಪಡೆಯುವುದು ಅದರ ಸ್ವಭಾವ, ಕೊಡುವುದಲ್ಲ. ಅದನ್ನು ಇಂಗಾಲಕ್ಕೆ ಕೂಡಿಸಿದರೆ ಅನೇಕ ಔಷಧಗಳನ್ನು ತಯಾರಿಸುವ ದಾರಿ ತೆರೆಯುತ್ತದೆ. ಆದರೆ ಕೂಡಿಸುವುದಕ್ಕೆ ನಡುವೆ ಒಂದು ಲೋಹ ಬೇಕು. ಪಲ್ಲೇಡಿಯಂ ಆಗಬಹುದು, ತಾಮ್ರ ಆಗಬಹುದು. ಜೋಡಿಯಾಗಿರುವ ಎರಡು ಬೋರಾನುಗಳನ್ನು ಲೋಹ ಬಿಡಿಸುತ್ತದೆ. ಒಂದನ್ನು ತಾನು ಹೊತ್ತುಕೊಳ್ಳುತ್ತದೆ. ಹೊತ್ತದ್ದನ್ನು ಇಂಗಾಲಕ್ಕೆ ಒಪ್ಪಿಸಿ ಬರಿಗೈಯಲ್ಲಿ ಹಿಂದಿರುಗುತ್ತದೆ. ಸಂಬಂಧ ಕುದುರಿಸಿದವರು ಮದುವೆ ಮನೆಯಲ್ಲಿ ಉಳಿಯುವುದಿಲ್ಲ, ಹಾಗೆ. ಅದೇ ಲೋಹದ ಚೂರು ಔಷಧದಲ್ಲಿ ಉಳಿದರೆ ಮಾತ್ರ ಕೆಡುಕು. ಆದ್ದರಿಂದ ಲೋಹವಿಲ್ಲದೆ ಈ ಕೆಲಸ ಮಾಡುವ ದಾರಿಯನ್ನು ಎಲ್ಲರೂ ಹುಡುಕುತ್ತಿದ್ದರು.

ಈ ವಿಜ್ಞಾನಿಗೆ ಅದು ಸಿಕ್ಕಿತು. ಲೋಹವನ್ನು ಹಾಕದೆಯೇ ಬೋರಾನು ಇಂಗಾಲಕ್ಕೆ ಕೂಡಿತು. ಅವರು ಯಾರ ಕೈಗೂ ಕೊಡದೆ ತಾವೇ ಮತ್ತೆ ಮತ್ತೆ ಮಾಡಿ ನೋಡಿದರು. ಪ್ರತಿ ಸಲವೂ ಕೂಡಿತು. ಪ್ರಬಂಧ ಪ್ರಕಟವಾಯಿತು. ಪದಕ ಬಂತು. ದೂರದ ಊರುಗಳಲ್ಲಿ ಕೆಲವರು ಅದನ್ನು ಮಾಡಿ ನೋಡಿದರು. ಕೆಲವರಿಗೆ ಆಯಿತು, ಕೆಲವರಿಗೆ ಆಗಲಿಲ್ಲ. ಆಗದವರು ತಮ್ಮ ಕೈಯನ್ನೇ ಹಳಿದುಕೊಂಡು ಸುಮ್ಮನಾದರು. ಮೇಡಂ ಅವರದು ಕೈಗುಣ ಎಂದು ಅವರ ಪ್ರಯೋಗಾಲಯದಲ್ಲಿ ಮಾತಾಯಿತು. ವೈದ್ಯರಿಗೆ ಕೈಗುಣ ಇರುವಂತೆ ಇದು. ಅವರು ಆ ಮಾತನ್ನು ಕೇಳಿಯೂ ಕೇಳದವರಂತೆ ಇದ್ದರು. ಆದರೆ ಬೇಡವೆನ್ನಲಿಲ್ಲ.

ಆಗ ಒಬ್ಬ ಹುಡುಗಿ ಸಂಶೋಧನೆಗೆ ಸೇರಿದಳು. ರಸಾಯನವಲ್ಲದೆ ಬೇರೇನನ್ನೂ ಅವಳು ಬಯಸಿದವಳಲ್ಲ. ಈ ಹೊಸ ವಿಧಾನದಿಂದ ಬೇರೆ ಬೇರೆ ಸಂಯುಕ್ತಗಳನ್ನು ತಯಾರಿಸುವ ಕೆಲಸ ಅವಳಿಗೆ ಬಂತು. ಕ್ರಮದಂತೆ ಅವಳಿಗೆ ಎಲ್ಲವನ್ನೂ ಹೊಸದಾಗಿ ಕೊಟ್ಟರು. ಅವಳು ಹೇಳಿಕೊಟ್ಟಂತೆಯೇ ಮಾಡಿದಳು. ಏನೂ ಆಗಲಿಲ್ಲ. ಹಾಕಿದ್ದು ಹಾಕಿದಂತೆಯೇ ಪಾತ್ರೆಯಲ್ಲಿ ಉಳಿಯಿತು. ಇನ್ನೊಮ್ಮೆ ಮಾಡಿದಳು. ಆಗಲಿಲ್ಲ.

ವಾರದ ಸಭೆಯಲ್ಲಿ ವಿಜ್ಞಾನಿ ಎಲ್ಲರ ಮುಂದೆ ಅವಳನ್ನು ನಿಲ್ಲಿಸಿದರು.

“ಈ ಸಲವಾದರೂ ಆಯಿತೆ?”

“ಇಲ್ಲ ಮೇಡಂ. ಆಗಲಿಲ್ಲ.”

“ನಾನು ಮಾಡಿದರೆ ಆಗುತ್ತದೆ. ನೀನು ಮಾಡಿದರೆ ಆಗುವುದಿಲ್ಲ. ಬೋರಾನಿಗೆ ನಿನ್ನ ಮೇಲೆ ಹಳೆಯ ಹಗೆಯೇನಮ್ಮಾ?”

ಎಲ್ಲರೂ ನಕ್ಕರು. ಹಿರಿಯ ವಿದ್ಯಾರ್ಥಿಯೊಬ್ಬ, “ಇವಳ ಕೈಯಲ್ಲಿ ಹಾಲಿಗೆ ಹೆಪ್ಪು ಹಾಕಿಸಿದರೆ ಮೊಸರೂ ಆಗಲಿಕ್ಕಿಲ್ಲ, ಮೇಡಂ” ಎಂದ. ಮತ್ತೆ ನಕ್ಕರು.

“ಸ್ವಲ್ಪವಾದರೂ ಆಗಿದೆ ಎಂದು ಹೇಳಲು ಬರುವುದಿಲ್ಲ ಮೇಡಂ,” ಎಂದಳು ಹುಡುಗಿ. “ಆಗಿಲ್ಲ.”

ಆ ಮಾತು ವಿಜ್ಞಾನಿಗೆ ಉದ್ಧಟತನವಾಗಿ ಕಂಡಿತು. “ಕೈ ನೀಡು” ಎಂದರು. ಹುಡುಗಿ ಚಿಕ್ಕ ತರಗತಿಯ ಮಗುವಿನಂತೆ ಎರಡೂ ಕೈಗಳನ್ನು ಮುಂದೆ ನೀಡಿದಳು. ವಿಜ್ಞಾನಿ ಅವನ್ನು ಎಲ್ಲರಿಗೂ ತೋರಿಸಿ ಹೇಳಿದರು: “ನೋಡಿ. ಈ ಕೈ ಅಡುಗೆಗಾದರೆ ಆದೀತು. ಪ್ರಯೋಗಕ್ಕೆ ಆಗದು.”

ಕೈಗಳನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರು ಹೇಳಲಿಲ್ಲ. ಸಭೆ ಮುಂದಿನ ವಿಷಯಕ್ಕೆ ಹೋಯಿತು. ಅದು ಮುಗಿಯುವವರೆಗೂ ಹುಡುಗಿ ಹಾಗೆಯೇ ನಿಂತಿದ್ದಳು.

ವರ್ಷದ ಕೊನೆಯಲ್ಲಿ ಅವಳ ಶಿಷ್ಯವೇತನದ ಪ್ರಶ್ನೆ ಬಂತು. ಈ ಅಭ್ಯರ್ಥಿ ಪ್ರಯೋಗಕ್ಕೆ ಯೋಗ್ಯಳಲ್ಲ ಎಂದು ವಿಜ್ಞಾನಿ ಅಭಿಪ್ರಾಯ ಕೊಟ್ಟರು. ಅದು ಅವರ ಪ್ರಾಮಾಣಿಕ ಅಭಿಪ್ರಾಯವಾಗಿತ್ತು. ಹುಡುಗಿ ತನಗೆ ಕೊಟ್ಟಿದ್ದ ಗಾಜನ್ನೆಲ್ಲ ಕ್ರಮದಂತೆ ತೊಳೆದು ಒಪ್ಪಿಸಿ ಹೊರಟುಹೋದಳು.

ಕೆಲಕಾಲದ ಮೇಲೆ ವಿಜ್ಞಾನಿಯ ಹಳೆಯ ಕಡ್ಡಿ ಕೈಜಾರಿ ಕಲ್ಲಿನ ನೆಲಕ್ಕೆ ಬಿದ್ದು ಮುರಿಯಿತು. ಅವರು ಹೊಸ ಕಡ್ಡಿಯೊಂದನ್ನು ತೆಗೆದುಕೊಂಡು ಕೆಲಸ ಮುಂದುವರಿಸಿದರು. ಏನೂ ಆಗಲಿಲ್ಲ. ಬೋರಾನು ಕೆಟ್ಟಿರಬೇಕೆಂದು ಹೊಸದನ್ನು ತರಿಸಿದರು. ಆಗಲಿಲ್ಲ. ದ್ರಾವಕಕ್ಕೆ ನೀರಿನ ಪಸೆ ತಗುಲಿರಬೇಕೆಂದು ಅದನ್ನು ಮತ್ತೆ ಶುದ್ಧ ಮಾಡಿದರು. ಆಗಲಿಲ್ಲ. ಕೊನೆಗೆ, ಅದೇಕೆಂದು ತಮಗೇ ಹೇಳಿಕೊಳ್ಳಲು ಧೈರ್ಯವಿಲ್ಲದೆ, ಮುರಿದ ಕಡ್ಡಿಯ ತುಂಡುಗಳನ್ನು ಪಾತ್ರೆಗೆ ಹಾಕಿದರು.

ಬೋರಾನು ಕೂಡಿತು.

ಅವರು ತುಂಡುಗಳನ್ನು ಹೊರತೆಗೆದು ಬೆಳಕಿಗೆ ಹಿಡಿದರು. ಬಿಳಿಯ ಲೇಪದಲ್ಲಿ ಸಣ್ಣ ಗೀರುಗಳಿದ್ದವು. ಗೀರುಗಳ ಒಳಗೆ ಕಪ್ಪು ಇತ್ತು. ಆಮ್ಲದಲ್ಲಿ ಕುದಿಸಿ ಆ ಆಮ್ಲವನ್ನು ಪರೀಕ್ಷಿಸಿದರು. ಅದರಲ್ಲಿ ಪಲ್ಲೇಡಿಯಂ ಇತ್ತು. ಹರೆಯದಲ್ಲಿ ಅದೇ ಕಡ್ಡಿಯಿಂದ ಅವರು ಎಷ್ಟೋ ಪಲ್ಲೇಡಿಯಂ ಪ್ರಯೋಗಗಳನ್ನು ಮಾಡಿದ್ದರು. ಅವರು ತೊಳೆಯುತ್ತಿದ್ದ ಕ್ರಮಕ್ಕೆ ಆ ಲೋಹ ಬಿಟ್ಟಿರಲಿಲ್ಲ. ಇಷ್ಟು ಕಾಲವೂ ಬೋರಾನನ್ನು ಹೊತ್ತು ಒಪ್ಪಿಸುತ್ತಿದ್ದುದು ಅದೇ. ದೂರದ ಊರುಗಳಲ್ಲಿ ಆಯಿತೆಂದವರ ಕಡ್ಡಿಗಳೂ ಹೀಗೆಯೇ ಹಳೆಯವಾಗಿದ್ದಿರಬೇಕು. ಕೈಗುಣವೆಂಬುದು ಯಾವುದೂ ಇರಲಿಲ್ಲ. ಒಬ್ಬರ ಸಾಮಾನನ್ನು ಇನ್ನೊಬ್ಬರು ಮುಟ್ಟಬಾರದೆಂಬ ನಿಯಮ ಇಲ್ಲದಿದ್ದರೆ ಈ ಸಂಗತಿ ಮೊದಲ ತಿಂಗಳಲ್ಲಿಯೇ ತಿಳಿಯುತ್ತಿತ್ತು. ಹುಡುಗಿಯ ಪಾತ್ರೆಯಲ್ಲಿ ಏನೂ ಆಗದೆ ಉಳಿದುದೇ ಸತ್ಯವಾದ ಫಲಿತಾಂಶವಾಗಿತ್ತು.

ವಿಜ್ಞಾನಿಗೆ ನಾಚಿಕೆಯಾಯಿತು. ಅದು ತೋರಿಕೆಯ ನಾಚಿಕೆಯಲ್ಲ. ಅವರು ಆ ವಾರ ಸಭೆ ನಡೆಸಲಿಲ್ಲ. ಆಮೇಲೆ ಸಭೆಯ ಕೋಣೆಗೇ ಹೋಗಲಿಲ್ಲ. ಯಾರಾದರೂ ಮುಂದೆ ಕೈ ನೀಡಿದರೆ, ಅದು ಕೈಕುಲುಕುವುದಕ್ಕೇ ಆಗಿರಲಿ, ಮುಖ ತಿರುಗಿಸುತ್ತಿದ್ದರು. ವಿಷಯವನ್ನು ಮುಚ್ಚಿಡಬಹುದಾಗಿತ್ತು. ಮುಚ್ಚಿಡಲಿಲ್ಲ. ಪ್ರಬಂಧವನ್ನು ಹಿಂತೆಗೆದುಕೊಂಡರು. ಪದಕವನ್ನು ಹಿಂದಿರುಗಿಸಿದರು. ತಪ್ಪು ನನ್ನದು, ಲೋಹ ನನ್ನ ಕಡ್ಡಿಯಲ್ಲಿತ್ತು ಎಂದು ಲೋಕಕ್ಕೆಲ್ಲ ತಿಳಿಸಿದರು.

ಜನ ಅವರನ್ನು ಕೊಂಡಾಡಿದರು. ಇಂಥ ಪ್ರಾಮಾಣಿಕತೆ ಈಗ ಎಲ್ಲಿದೆ ಎಂದರು. ಆ ತಪ್ಪಿನ ಕುರಿತು ಮಾತಾಡಲು ಕಾಲೇಜುಗಳಿಂದ ಕರೆ ಬರತೊಡಗಿತು. ಅವರು ಹೋದಲ್ಲೆಲ್ಲ ತಮ್ಮ ನಾಚಿಕೆಯನ್ನು ಒಂದಿಷ್ಟೂ ಬಚ್ಚಿಡದೆ ಹೇಳಿದರು. ಕೇಳಿದವರ ಕಣ್ಣು ತುಂಬಿತು.

ಹುಡುಗಿಗೆ ಬರೆಯಬೇಕೆಂದು ಅವರು ಕುಳಿತದ್ದುಂಟು. ನನಗಾಗಿರುವ ನೋವನ್ನು ನೀನು ಊಹಿಸಲಾರೆ ಎಂದು ಆರಂಭಿಸಿದರು. ಪುಟ ಮುಗಿಯಿತು. ಹುಡುಗಿಯ ವಿಷಯ ಬರುವುದಕ್ಕೆ ಜಾಗ ಉಳಿಯಲಿಲ್ಲ. ಕ್ಷಮೆ ಕೇಳುವ ಯೋಗ್ಯತೆಯೂ ತಮಗಿಲ್ಲವೆಂದುಕೊಂಡು ಹಾಳೆಯನ್ನು ಹರಿದು ಹಾಕಿದರು. ಆ ಭಾವನೆಯಿಂದ ಅವರಿಗೆ ಸ್ವಲ್ಪ ಸಮಾಧಾನವೂ ಆಯಿತು.

ಒಂದು ಊರಿನಲ್ಲಿ ಭಾಷಣ ಮುಗಿಸಿ ವೇದಿಕೆಯಿಂದ ಇಳಿದಾಗ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದ ಶಿಕ್ಷಕಿಯೊಬ್ಬಳು ಕಂಡಳು. ಅದೇ ಹುಡುಗಿ. ತಪ್ಪಿಸಿಕೊಂಡು ಹೋಗಲು ಬೇರೆ ಬಾಗಿಲು ಇರಲಿಲ್ಲ.

“ಭಾಷಣ ಚೆನ್ನಾಗಿತ್ತು ಮೇಡಂ,” ಎಂದಳು ಅವಳು. “ಕಡ್ಡಿಯ ವಿಷಯ ನನಗೆ ಇವತ್ತೇ ಗೊತ್ತಾಯಿತು.”

ವಿಜ್ಞಾನಿ ಮಕ್ಕಳ ಸಾಲಿನ ಕಡೆಗೆ ನೋಡಿದರು.

“ನಾನೂ ವಿಜ್ಞಾನವನ್ನೇ ಕಲಿಸುತ್ತೇನೆ. ಆದರೆ ಮಕ್ಕಳೆದುರು ಪ್ರಯೋಗ ಮಾಡಿ ತೋರಿಸುವುದಿಲ್ಲ. ಪಕ್ಕದ ತರಗತಿಯ ಮಾಸ್ತರರನ್ನು ಕರೆಯುತ್ತೇನೆ. ನನ್ನ ಕೈಗೆ ಆಗುವುದಿಲ್ಲ ಎಂದು ಅವರಿಗೆ ಹೇಳಿಟ್ಟಿದ್ದೇನೆ. ನಿನ್ನ ಕೈ ಸರಿಯಾಗಿಯೇ ಇತ್ತು ಎಂದು ಒಂದು ಮಾತು ತಿಳಿಸಬಹುದಿತ್ತಲ್ಲ, ಮೇಡಂ?”

“ನಾನು ಪಟ್ಟ ನಾಚಿಕೆ ಎಷ್ಟೆಂದು ನಿನಗೆ ತಿಳಿಯದು ಮಗೂ,” ಎಂದರು ವಿಜ್ಞಾನಿ.

“ತಿಳಿದಿದೆ ಮೇಡಂ. ಅದು ಮೊದಲು ನನ್ನ ಹತ್ತಿರ ಇತ್ತು.”

ಮಕ್ಕಳು ಬಸ್ಸಿಗೆ ಹೊತ್ತಾಯಿತೆಂದು ಗಲಾಟೆ ಮಾಡುತ್ತಿದ್ದರು. ಅವಳು ನಮಸ್ಕಾರ ಹೇಳಿ ಅವರನ್ನು ಕರೆದುಕೊಂಡು ಹೋದಳು. ವಿಜ್ಞಾನಿಯನ್ನು ಊಟಕ್ಕೆ ಕರೆದೊಯ್ಯಲು ಸಂಘಟಕರು ಬಂದಾಗ ಅವರು ನಿಂತಲ್ಲಿಯೇ ನಿಂತಿದ್ದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯೆ ಕಣ್ಣೊರೆಸಿಕೊಂಡಳು. “ಪಾಪ, ಗುರುಗಳೇ. ಆ ವಿಜ್ಞಾನಿಯ ಮನಸ್ಸಿಗೆ ಕೊನೆಗಾದರೂ ನೆಮ್ಮದಿ ಸಿಕ್ಕಿತೆ?” ಎಂದು ಕೇಳಿದಳು.

ಗುರುಗಳು ಹೇಳಿದರು: “ನೀನೂ ಅವರನ್ನೇ ವಿಚಾರಿಸಿದೆ.”